ಮೊದಲ ಬೇಟ್‌ಕಾಸ್ಟಿಂಗ್ ರೀಲ್: 10 ಬೇರಿಂಗ್, 8.1 ಗೇರಿನದು ಕೊಳ್ಳಲೋ, 5 ಬೇರಿಂಗ್, 6.3 ಗೇರಿನದೋ?

ಲೂರ್, ಅಂದರೆ ನಕಲಿ ಎರೆ, ಎಸೆದು ಮೀನು ಹಿಡಿಯಲು ನಿಮ್ಮ ಮೊದಲ ಬೇಟ್‌ಕಾಸ್ಟಿಂಗ್ ರೀಲ್ (ಸ್ಪಿನ್ನಿಂಗ್ ರೀಲಿನ ಹಾಗಲ್ಲದೆ, ಎಸೆಯುವಾಗ ದಾರ ಸುತ್ತಿದ ಸ್ಪೂಲೇ ತಿರುಗುವಂಥದ್ದು) ಈ ಎರಡರಲ್ಲಿ ಯಾವುದಿರಲಿ ಅಂತ ಕೇಳಿದ್ದೀರಿ. ಬೇರಿಂಗು, ಗೇರಿನ ವಿಷಯ ಆಮೇಲೆ ನೋಡೋಣ. ಪ್ರಶ್ನೆಯ ಕೊನೆಗೆ ಸುಮ್ಮನೆ ಸೇರಿಸಿದ ಹಾಗೆ ಒಂದು ಸಾಲು ಬರೆದಿದ್ದೀರಲ್ಲ, “ಇಷ್ಟು ದಿನ ಸ್ಪಿನ್ನಿಂಗ್ ರೀಲಿನಲ್ಲಿ 5 ಗ್ರಾಂ ಲೂರ್ ಎಸೆಯುತ್ತಿದ್ದೆ, ಇದರಲ್ಲೂ ಅವನ್ನೇ ಎಸೆಯುತ್ತೇನೆ” ಅಂತ, ಅದನ್ನು ಓದಿ ಎದೆ ಧಸಕ್ಕೆಂದಿತು. ನಾನೂ ಅದೇ ಲೂರ್ ಡಬ್ಬಿ ಇಟ್ಟುಕೊಂಡು, ಅದೇ ಧೈರ್ಯದಲ್ಲಿ ರೀಲ್ ಕೊಳ್ಳಲು ಹೋದವನು. ಒಂದು ರೀಲಿನ ಜಾಗದಲ್ಲಿ ಎರಡು ರೀಲಿನ ದುಡ್ಡು ಹೋಯಿತು.

ನನಗೆ ಬೇಟ್‌ಕಾಸ್ಟರ್ ಹುಚ್ಚು ಹತ್ತಿದ್ದು ಬೇರೆಯವರ ಹೆಬ್ಬೆರಳು ನೋಡಿ. ಲೂರ್ ಜೊಂಡಿನ ಅಂಚಿಗೆ ಹಾರಿ ಹೋಗುತ್ತಿರುವಾಗಲೇ ಸ್ಪೂಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾರೆ, ಲೂರ್ ಗಾಳಿಯಲ್ಲೇ ವೇಗ ಕಳೆದುಕೊಂಡು ಬೇಕಾದಲ್ಲಿ ಸದ್ದಿಲ್ಲದೆ ನೀರಿಗಿಳಿಯುತ್ತದೆ. ನೋಡೋಕೂ ಚೆಂದ, ಸುಳ್ಳು ಯಾಕೆ ಹೇಳಲಿ. ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವುದು ಜಾಸ್ತಿ ದಾರ ಹಿಡಿಯುತ್ತದೆ? 0.35 ಮಿ.ಮೀ. ನೈಲಾನ್ ದಾರ 150 ಮೀಟರ್ ಹಿಡಿಯುವ ರೀಲ್ ಕೊಟ್ಟರು. ತಂದು ಅಂಚಿನವರೆಗೂ ತುಂಬಿಸಿದೆ.

ಸ್ಪಿನ್ನಿಂಗ್ ರೀಲಿಗೆ ಅದೇ ಸರಿಯಾದ ಕ್ರಮ. ಅಂಚಿಗೆ ಒಂದೆರಡು ಮಿ.ಮೀ. ಮಾತ್ರ ಬಿಟ್ಟು ತುಂಬಿದರೆ ದಾರ ಅಂಚಿಗೆ ಹೆಚ್ಚು ಉಜ್ಜದೆ ಹೊರಬೀಳುತ್ತದೆ, ಲೂರ್ ದೂರ ಹೋಗುತ್ತದೆ. ಕಡಿಮೆ ತುಂಬಿದರೆ ದೂರ ಸಿಗುವುದಿಲ್ಲ. ಇದನ್ನು ಚೆನ್ನಾಗಿ ಕಲಿತಿದ್ದೆ, ಕಲಿತದ್ದನ್ನು ಹೊಸ ರೀಲಿಗೂ ಹಾಗೇ ಹಚ್ಚಿದೆ. ನನ್ನ ತಪ್ಪು ಇದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಎಸೆತದಲ್ಲಿ ಲೂರ್ ನಾಲ್ಕೈದು ಮಾರು ಹೋಗಿರಬಹುದು, ರೀಲಿನಿಂದ ಬುರ್ ಅಂತ ಸದ್ದು ಬಂತು. ದಾರ ಸ್ಪೂಲಿನ ಮೇಲೆ ಸುರುಳಿ ಸುರುಳಿಯಾಗಿ ಉಬ್ಬಿ, ದಾರ ಹಾಯುವ ಕಿಂಡಿಯ ಹಿಂದೆ ಗುಡ್ಡೆಯಾಗಿ ನಿಂತಿತು. ಒಂದು ಸುರುಳಿ ಎಳೆದರೆ ಅದರಡಿ ನುಸುಳಿದ ಇನ್ನೊಂದು ಸುರುಳಿ ಬಿಗಿಯುತ್ತದೆ. ಅದನ್ನು ಬಿಡಿಸಲು ಹೋದರೆ ಮೂರನೆಯದು. ಕೊನೆಗೆ ಕತ್ತರಿ. ಸ್ಪೂಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಹ್ಯಾಂಡಲನ್ನು ಒಂದೆರಡು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆದರೆ ಎಷ್ಟೋ ಸಿಕ್ಕು ತಾನಾಗೇ ಬಿಡುತ್ತದೆ ಅನ್ನುವ ಉಪಾಯ ನನಗೆ ಗೊತ್ತಾಗುವಷ್ಟರಲ್ಲಿ ಅರ್ಧ ದಾರ ಕಸದ ಬುಟ್ಟಿ ಸೇರಿತ್ತು.

ಹ್ಯಾಂಡಲ್ ಪಕ್ಕದ ಟೆನ್ಷನ್ ತಿರುಪು ಬಿಗಿ ಮಾಡಿದೆ. ಸಿಕ್ಕು ನಿಂತಿತು, ಲೂರ್ ಕಾಲ ಬುಡದಲ್ಲೇ ಬೀಳತೊಡಗಿತು. ಸಡಿಲ ಮಾಡಿದರೆ ಮತ್ತೆ ಗುಡ್ಡೆ. ರೀಲೇ ಸರಿಯಿಲ್ಲ ಅಂತ ತೀರ್ಮಾನಿಸಿ ಇನ್ನೂ ದುಬಾರಿಯದನ್ನು ಕೊಂಡೆ. ಈ ಸಲ ನೋಡಿದ್ದು ಬೇರಿಂಗ್ ಸಂಖ್ಯೆ. ಅದಕ್ಕೂ ಅಂಚಿನವರೆಗೆ ದಾರ, ಅದಕ್ಕೂ 5 ಗ್ರಾಂ ಲೂರ್. ಸ್ಪೂಲ್ ಮೊದಲಿನದಕ್ಕಿಂತ ಸರಾಗವಾಗಿ ತಿರುಗುತ್ತಿತ್ತು, ಸಿಕ್ಕೂ ಅಷ್ಟೇ ಸರಾಗವಾಗಿ ಬೀಳುತ್ತಿತ್ತು.

ಬುದ್ಧಿ ಬಂದದ್ದು ತೂಕದ ಯಂತ್ರದಿಂದ. ದಾರ ಬದಲಿಸುವಾಗ ಸುಮ್ಮನೆ ಕುತೂಹಲಕ್ಕೆ ಖಾಲಿ ಸ್ಪೂಲ್ ತೂಗಿದೆ, 22 ಗ್ರಾಂ. ದಾರ ತುಂಬಿ ತೂಗಿದರೆ 38. ಪಕ್ಕದಲ್ಲೇ ಬಿದ್ದಿದ್ದ ಲೂರ್ ಇಟ್ಟರೆ 5. ಅನುಮಾನವಿದ್ದರೆ ಲೆಕ್ಕ ಹಾಕಿ ನೋಡಿ: 0.35 ಮಿ.ಮೀ. ದಪ್ಪದ ದಾರ 150 ಮೀಟರ್ ಅಂದರೆ ಸುಮಾರು 14.4 ಘನ ಸೆಂ.ಮೀ., ನೈಲಾನಿನ ಸಾಂದ್ರತೆ ಸುಮಾರು 1.14, ಅಲ್ಲಿಗೆ ದಾರವೊಂದೇ 16 ಗ್ರಾಂ ದಾಟುತ್ತದೆ. ಲೂರಿನ ಮೂರು ಪಟ್ಟು.

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ಅಲುಗುವುದಿಲ್ಲ, ದಾರ ಅದರ ಮೂತಿಯಿಂದ ಸುರುಳಿಯಾಗಿ ಕಳಚಿ ಹೋಗುತ್ತದೆ. ಲೂರ್ ಎಳೆಯಬೇಕಾದ್ದು ಹೊರಹೋಗುವ ಅಷ್ಟು ದಾರವನ್ನು ಮಾತ್ರ. ಬೇಟ್‌ಕಾಸ್ಟರಿನಲ್ಲಿ ಹಾಗಲ್ಲ, ಲೂರ್ ಹಾರುತ್ತಾ ಇಡೀ ಸ್ಪೂಲನ್ನು, ಅದರ ಮೇಲಿನ ದಾರದ ಸಮೇತ, ಗಿರಗಿರನೆ ತಿರುಗಿಸಬೇಕು. ನನ್ನ 5 ಗ್ರಾಂ ಲೂರ್ 38 ಗ್ರಾಂ ಭಾರವನ್ನು ತಿರುಗಿಸಬೇಕಿತ್ತು. ಎತ್ತಿನ ಗಾಡಿಗೆ ಕರು ಕಟ್ಟಿದ ಹಾಗೆ. ಹೋಗಲಿ, ಹೇಗೋ ತಿರುಗಿಸಿತು ಅನ್ನಿ. ಆಮೇಲೆ ಹಗುರ ಲೂರಿನ ವೇಗವನ್ನು ಗಾಳಿ ಬೇಗ ನುಂಗುತ್ತದೆ, ಸ್ಪೂಲಿಗೆ ಮಾತ್ರ ಹತ್ತಿದ ವೇಗ ಇಳಿಯುವುದಿಲ್ಲ. ಮುಂದೆ ಹಾರುವ ಲೂರ್ ಎಳೆಯುವುದಕ್ಕಿಂತ ಹೆಚ್ಚು ದಾರವನ್ನು ಹಿಂದಿರುವ ಸ್ಪೂಲ್ ಬಿಚ್ಚುತ್ತದೆ. ಆ ಹೆಚ್ಚಿನ ದಾರ ಎಲ್ಲಿಗೆ ಹೋಗಬೇಕು? ಅಲ್ಲೇ ಉಬ್ಬುತ್ತದೆ. ಬ್ಯಾಕ್‌ಲ್ಯಾಶ್ ಅಂದರೆ ಇಷ್ಟೇ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ತಿರುಗುವ ವಸ್ತುವಿನಲ್ಲಿ ಭಾರ ಎಷ್ಟಿದೆ ಅನ್ನುವಷ್ಟೇ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದೂ ಮುಖ್ಯ. ದೂರ ಎರಡು ಪಟ್ಟಾದರೆ ಜಡತ್ವ ನಾಲ್ಕು ಪಟ್ಟು. ಅಂಚಿನವರೆಗೆ ತುಂಬಿದಾಗ ಆ ಕೊನೆಯ ಪದರಗಳ ದಾರ ಕೂತಿದ್ದು ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ. ಅಷ್ಟು ದಾರ ಬೇಕಾದರೂ ಇತ್ತೇ? ನನ್ನ ಎಸೆತ ಎಂದೂ 30 ಮೀಟರ್ ದಾಟಿದ್ದಿಲ್ಲ. ಅಡಿಯ ನೂರು ಮೀಟರ್ ದಾರ ಬಿಸಿಲನ್ನೇ ಕಾಣದೆ ನನ್ನ ಪ್ರತಿ ಎಸೆತವನ್ನೂ ಹಾಳು ಮಾಡುತ್ತಾ ಕೂತಿತ್ತು. ದೊಡ್ಡ ನೀರಿನಲ್ಲಿ, ಕಚ್ಚಿದ ಮೇಲೆ ದೂರ ಓಡುವ ದೊಡ್ಡ ಮೀನಿಗೆ ಗಾಳ ಹಾಕುವವರ ಲೆಕ್ಕ ಬೇರೆ, ಅವರಿಗೆ ಆ ದಾರ ಬೇಕೇ ಬೇಕು. ಅವರು 5 ಗ್ರಾಂ ಲೂರ್ ಎಸೆಯುವುದೂ ಇಲ್ಲ.

ದಾರವನ್ನು 70 ಮೀಟರಿಗೆ ಇಳಿಸಿ, 14 ಗ್ರಾಂ ಲೂರ್ ಕಟ್ಟಿದೆ. ರೀಲಿನ ಸ್ವಭಾವವೇ ಬದಲಾಯಿತು. ನಾನು ಬೈದು ಮೂಲೆಗೆ ಎಸೆದಿದ್ದ ಮೊದಲನೆಯ ರೀಲೇ ಅದು, ಗೊತ್ತಿರಲಿ.

ಈಗ ನಿಮ್ಮ ಎರಡು ರೀಲು. ಬೇರಿಂಗ್ ಸಂಖ್ಯೆ ಮರೆತುಬಿಡಿ. ಎಸೆತಕ್ಕೆ ಸಂಬಂಧಪಟ್ಟದ್ದು ಸ್ಪೂಲನ್ನು ಹೊತ್ತ ಎರಡೋ ಮೂರೋ ಬೇರಿಂಗ್ ಮಾತ್ರ, ಉಳಿದವು ಹ್ಯಾಂಡಲಿನ ಗುಬುಟಿನಲ್ಲಿ, ದಾರ ಹಂಚುವ ತಿರುಪಿನಲ್ಲಿ ಕೂತಿರುತ್ತವೆ. ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಬರೆಯಲು ಅವು ಬಹಳ ಉಪಯೋಗ.

ಗೇರ್ ಅಂದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ಅನ್ನುವುದು. 34 ಮಿ.ಮೀ. ವ್ಯಾಸದ ಸ್ಪೂಲ್ ತುಂಬಿದ್ದರೆ 6.3ರಲ್ಲಿ ಒಂದು ಸುತ್ತಿಗೆ ಸುಮಾರು 67 ಸೆಂ.ಮೀ., 8.1ರಲ್ಲಿ ಸುಮಾರು 86 ಸೆಂ.ಮೀ. ದಾರ ಬರುತ್ತದೆ. ದಾರ ಕಡಿಮೆ ಇದ್ದಷ್ಟೂ ಸುತ್ತಿನ ವ್ಯಾಸ ಕುಗ್ಗಿ ಈ ಅಳತೆಯೂ ಇಳಿಯುತ್ತದೆ. ನೆಲ ಮುಟ್ಟಿಸಿ ಕುಣಿಸುವ ರಬ್ಬರ್ ಹುಳು, ಜಿಗ್ ಥರದ್ದರಲ್ಲಿ ಮೀನು ಕಚ್ಚಿ ನಿಮ್ಮ ಕಡೆಗೇ ಓಡಿ ಬಂದರೆ ಸಡಿಲ ದಾರ ಬೇಗ ಎಳೆದುಕೊಳ್ಳಲು 8.1 ಒಳ್ಳೆಯದು. ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ ಎಳೆಯಲು ಅದೇ 8.1 ಕೈ ಸೋಲಿಸುತ್ತದೆ. ಹೊಸಬರು ಎಲ್ಲವನ್ನೂ ಬೇಗಬೇಗ ಸುತ್ತುತ್ತಾರೆ, ನಾನೂ ಸುತ್ತುತ್ತಿದ್ದೆ, 8.1 ಆ ಚಟವನ್ನು ಹೆಚ್ಚಿಸುತ್ತದೆ. ಅದಕ್ಕೇ 6.3 ಅನ್ನುತ್ತೇನೆ, ಅದರ ಮೇಲೆ ವಾದ ಬೇಡ. ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರವನ್ನು ತಡೆದು ತಡೆದು ಬಿಡುವ ಹಿಡಿತ, ಎರಡರಲ್ಲೂ ಸಾಕಷ್ಟಿದೆ, ಆ ಚಿಂತೆಯೂ ಬೇಡ.

ಬ್ರೇಕಿನ ವಿಷಯ ನೀವು ಕೇಳಿಲ್ಲ, ಕೇಳಬೇಕಿತ್ತು. ಒಂದರಲ್ಲಿ ಅಯಸ್ಕಾಂತದ ಬ್ರೇಕ್, ಇನ್ನೊಂದರಲ್ಲಿ ಕೇಂದ್ರಾಪಗಾಮಿ ಬ್ರೇಕ್ ಇದೆ ಅಂತ ಕೊಟ್ಟ ವಿವರದಲ್ಲಿ ಕಾಣುತ್ತದೆ. ಕೇಂದ್ರಾಪಗಾಮಿಯದರಲ್ಲಿ ಸ್ಪೂಲ್ ತಿರುಗಿದಾಗ ಪುಟ್ಟ ಗಟ್ಟಿಗಳು ಹೊರಚಾಚಿ ಸುತ್ತಲಿನ ಬಳೆಗೆ ಉಜ್ಜುತ್ತವೆ. ಹಿಡಿತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎಸೆತದ ಆರಂಭದಲ್ಲಿ ಬಿಗಿ, ಕೊನೆಗೆ ಇಲ್ಲವೆನ್ನುವಷ್ಟು ಸಡಿಲ. ದೂರ ಚೆನ್ನಾಗಿ ಸಿಗುತ್ತದೆ, ಕೊನೆಯ ಗಳಿಗೆ ನಿಮ್ಮ ಹೆಬ್ಬೆರಳಿನ ಜವಾಬ್ದಾರಿ. ಅಯಸ್ಕಾಂತದ್ದು ಸ್ಪೂಲಿನ ಅಲ್ಯೂಮಿನಿಯಂನಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ, ಎಲ್ಲೂ ಮುಟ್ಟದೆ ತಡೆಯುತ್ತದೆ. ಹಿಡಿತ ಕೊನೆಯವರೆಗೂ ಸ್ವಲ್ಪ ಉಳಿಯುತ್ತದೆ, ಹೊರಗಿನ ಬಿಲ್ಲೆ ತಿರುಗಿಸಿದರೆ ಅಲ್ಲೇ ಬದಲಿಸಬಹುದು. ಎದುರುಗಾಳಿಗೆ, ಹಗುರ ಲೂರಿಗೆ ಅದು ಒಳ್ಳೆಯ ಗೆಳೆಯ. ನಿಮ್ಮ ಪಟ್ಟಿಯಲ್ಲಿ ಅಯಸ್ಕಾಂತ ಇರುವುದು 8.1ರದ್ದಕ್ಕೆ ಅನ್ನುವುದೇ ಬೇಜಾರು. ಅದೇ ತಯಾರಕರು ಅದೇ ರೀಲನ್ನು 6.3 ಅಥವಾ 7.1ರಲ್ಲಿ ಮಾಡಿದ್ದಾರಾ ವಿಚಾರಿಸಿ. ಇದ್ದರೆ ಅದನ್ನೇ ತಗೊಳ್ಳಿ, ಇಲ್ಲದಿದ್ದರೆ ಕೇಂದ್ರಾಪಗಾಮಿಯದೇ ಸಾಕು, ಹೆಬ್ಬೆರಳು ಬೇಗ ಕಲಿಯುತ್ತದೆ.

ಇದೆಲ್ಲ 10ರಿಂದ 14 ಗ್ರಾಂ ಲೂರ್ ಎಸೆಯಲು ಒಪ್ಪಿದರೆ. 5 ಗ್ರಾಮಿನವನ್ನು ಬಿಡಲು ಮನಸ್ಸಿಲ್ಲದಿದ್ದರೆ ಎರಡೂ ರೀಲು ಬೇಡ, ಸ್ಪಿನ್ನಿಂಗಿನಲ್ಲೇ ಇರಿ. ಅದು ಕಲಿಯುವವರ ರೀಲು, ಇದು ಕಲಿತವರ ರೀಲು ಅನ್ನುವ ಮಾತು ಶುದ್ಧ ಒಣ ಜಂಭ. ಹಗುರ ಲೂರಿಗೆ ಸ್ಪಿನ್ನಿಂಗಿನಷ್ಟು ನೆಮ್ಮದಿ ಇನ್ನೊಂದಿಲ್ಲ. ಬೇಟ್ ಫಿನೆಸ್ ಅಂತ ಹತ್ತು ಗ್ರಾಮಿಗಿಂತ ಹಗುರ ಸ್ಪೂಲಿನ ರೀಲುಗಳೂ ಇವೆ, 3–5 ಗ್ರಾಂ ಎಸೆಯಲೆಂದೇ ಮಾಡಿದವು. ಸ್ಪೂಲ್ ಆಳ ಕಡಿಮೆ, ತೆಳು ದಾರ ಸ್ವಲ್ಪವೇ ಹಿಡಿಯುತ್ತದೆ. ಎರಡನೇ ರೀಲಾಗಿ ಚೆನ್ನ. ಮೊದಲನೆಯದಾಗಿ ಕೊಂಡರೆ ಹಗುರ ಲೂರಿನ ಜೊತೆ ಹೆಬ್ಬೆರಳಿನ ಪಾಠವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ.

ಹ್ಯಾಂಡಲ್ ಯಾವ ಕಡೆ ನೋಡಿದ್ದೀರಾ? ಸ್ಪಿನ್ನಿಂಗಿನದನ್ನು ಬಿಚ್ಚಿ ಆ ಕಡೆಯಿಂದ ಈ ಕಡೆಗೆ ಹಾಕಬಹುದು, ಬೇಟ್‌ಕಾಸ್ಟರಿನದು ಆಗುವುದಿಲ್ಲ. ಬಲಗೈಲಿ ಎಸೆದು ಎಡಗೈಲಿ ಸುತ್ತುವ ಅಭ್ಯಾಸ ಇದ್ದರೆ ಎಡ ಹ್ಯಾಂಡಲಿನದನ್ನೇ ಕೇಳಿ ತಗೊಳ್ಳಿ.

ದಾರ ನೈಲಾನ್ ಇರಲಿ, 0.30ರ ಆಸುಪಾಸು, 70–80 ಮೀಟರ್. ಹೆಣೆದ ದಾರ ಮೊದಲಿಗೆ ಬೇಡ. ತೆಳುವಾದದ್ದು ಒತ್ತಡ ಬಿದ್ದಾಗ ಕೆಳಗಿನ ಪದರದೊಳಗೆ ಹೂತುಕೊಂಡು ಮುಂದಿನ ಎಸೆತದಲ್ಲಿ ತಟ್ಟನೆ ಹಿಡಿಯುತ್ತದೆ, ಬರಿ ಸ್ಪೂಲಿನ ಮೇಲೆ ಜಾರುತ್ತದೆ ಕೂಡ. ಲೂರ್ ಬದಲಿಸಿದಾಗಲೆಲ್ಲ ಟೆನ್ಷನ್ ತಿರುಪು ಸರಿಮಾಡಿ: ರಾಡ್ ಅಡ್ಡ ಹಿಡಿದು ಸ್ಪೂಲ್ ಬಿಡಿಸುವ ಗುಂಡಿ ಒತ್ತಿದರೆ ಲೂರ್ ನಿಧಾನವಾಗಿ ಇಳಿಯಬೇಕು, ಅದು ನೆಲ ಮುಟ್ಟುತ್ತಿದ್ದಂತೆ ಸ್ಪೂಲ್ ನಿಲ್ಲಬೇಕು. ಬ್ರೇಕ್ ಮೊದಲು ಪೂರ್ತಿ ಬಿಗಿ, ಕೈ ಪಳಗಿದಂತೆ ಒಂದೊಂದು ಮೆಟ್ಟಿಲು ಸಡಿಲ. ಸಾಮಾನ್ಯವಾಗಿ ಎಸೆಯುವ ದೂರಕ್ಕಿಂತ ನಾಲ್ಕೈದು ಮೀಟರ್ ಹೆಚ್ಚು ದಾರ ಎಳೆದು, ಸ್ಪೂಲಿನಲ್ಲಿ ಉಳಿದದ್ದರ ಮೇಲೆ ಒಂದು ಸುತ್ತು ಟೇಪ್ ಅಂಟಿಸಿ ಮತ್ತೆ ಸುತ್ತಿಕೊಳ್ಳಿ. ಸಿಕ್ಕು ಬಿದ್ದರೂ ಟೇಪಿನ ಕೆಳಗೆ ಇಳಿಯುವುದಿಲ್ಲ.

ರಾಡಿನ ಬಗ್ಗೆ ನೀವು ಏನೂ ಬರೆದಿಲ್ಲ. ಸ್ಪಿನ್ನಿಂಗ್ ರಾಡಿಗೇ ಇದನ್ನು ಕಟ್ಟುವ ಯೋಚನೆ ಇದ್ದರೆ ಬಿಡಿ. ಬೇಟ್‌ಕಾಸ್ಟಿಂಗ್ ರಾಡಿನಲ್ಲಿ ಉಂಗುರಗಳು ಮೇಲ್ಮುಖ, ಹಿಡಿಯ ಕೆಳಗೆ ಬೆರಳಿಗೊಂದು ಕೊಕ್ಕೆ ಇರುತ್ತದೆ. ಹಿಡಿಯ ಹತ್ತಿರ ಎಷ್ಟು ಗ್ರಾಂ ಲೂರ್ ಅಂತ ಬರೆದಿರುತ್ತಾರೆ. ರಾಡ್ ಆಗಲೇ ಕೊಂಡಿದ್ದರೆ ಆ ಸಂಖ್ಯೆಯನ್ನು ಕಮೆಂಟಿನಲ್ಲಿ ಹಾಕಿ. 7–21 ಅಂತಿದ್ದರೆ ನಾಳೆಯೇ ರೀಲ್ ತಗೊಳ್ಳಿ, 2–8 ಅಂತಿದ್ದರೆ ಸ್ವಲ್ಪ ತಡೆಯಿರಿ, ಮಾತಾಡೋಣ.