ಮೆಟ್ಟಿಲಿಳಿಯುವ ವಕೀಲರಲ್ಲಿ ನಗುವುದಕ್ಕೆ ಏನಿದೆ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಒನೊರೆ ದೊಮಿಯೆಯ ಚಿತ್ರದ ಬಗ್ಗೆ ಎರಡು ಮಾತು ಕೇಳಿದ್ದೀರಿ. ವಕೀಲರೊಬ್ಬರು ಸುಮ್ನೆ ಮೆಟ್ಟಿಲು ಇಳಿಯುತ್ತಿದ್ದಾರೆ, ಇದು ವ್ಯಂಗ್ಯಚಿತ್ರ ಹೇಗೆ? ಮೂಲಚಿತ್ರ ಬಿಟ್ಟು ಅಚ್ಚಿನ ಪ್ರತಿ ಯಾಕೆ?

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಅಚ್ಚೇ ಮೂಲ. ಇದು ಕಲ್ಲಚ್ಚು, ಅಂದರೆ ಲಿಥೋಗ್ರಾಫ್. ನಯ ಮಾಡಿದ ಸುಣ್ಣದ ಕಲ್ಲಿನ ಮೇಲೆ ಕಲಾವಿದನೇ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾನೆ. ಆಮೇಲೆ ಕಲ್ಲನ್ನು ಹದ ಮಾಡಿ ನೀರು ಸವರಿದರೆ ಖಾಲಿ ಜಾಗ ನೀರು ಹಿಡಿಯುತ್ತದೆ, ಜಿಡ್ಡಿನ ಗೆರೆ ಹಿಡಿಯುವುದಿಲ್ಲ. ಎಣ್ಣೆಮಸಿ ಆ ಗೆರೆಗೆ ಮಾತ್ರ ಅಂಟುತ್ತದೆ. ನಡುವೆ ಕೆತ್ತುವ ಇನ್ನೊಬ್ಬನ ಕೈ ಇಲ್ಲ. ಕಡ್ಡಿ ಒತ್ತಿದಲ್ಲಿ ಕಪ್ಪು ದಟ್ಟ, ಹಗುರಾಗಿ ಆಡಿಸಿದಲ್ಲಿ ಕಲ್ಲಿನ ಸಣ್ಣ ರವೆ ಕಾಣುತ್ತದೆ.

ಈಗ ಆ ವಕೀಲರು. 1848ರ ಚಿತ್ರ, ಪ್ಯಾರಿಸ್ಸಿನ ನ್ಯಾಯಾಲಯದ ದೊಡ್ಡ ಮೆಟ್ಟಿಲು. ಕಂಕುಳಲ್ಲಿ ಕಾಗದದ ಕಟ್ಟು, ಮೈಮೇಲೆ ಕಪ್ಪು ನಿಲುವಂಗಿ, ಮೂಗು ಮೇಲಕ್ಕೆ. ಮೆಟ್ಟಿಲು ಇಳಿಯುವವರು ಕಾಲಡಿ ನೋಡುತ್ತಾರೆ, ಅಲ್ವಾ? ಇವರು ನೋಡುತ್ತಿಲ್ಲ. ಇಡೀ ಪ್ಯಾರಿಸ್ ತನ್ನನ್ನೇ ನೋಡುತ್ತಿದೆ ಎಂಬ ನಂಬಿಕೆ ಆ ಕತ್ತಿನಲ್ಲಿದೆ. ನನ್ನ ಪಾಲಿಗೆ ವ್ಯಂಗ್ಯ ಆ ಕತ್ತಿನಲ್ಲೇ ಇದೆ.

ದೊಮಿಯೆಗೆ ಈ ಲೋಕ ಹೊಸದಲ್ಲ. ಹುಡುಗನಾಗಿದ್ದಾಗ ಕೋರ್ಟ್ ಅಮೀನರೊಬ್ಬರ ಬಳಿ ಓಡಾಟದ ಕೆಲಸಕ್ಕಿದ್ದ. ಮುಂದೆ ದೊರೆ ಲೂಯಿ ಫಿಲಿಪ್ಪನನ್ನು ಹೊಟ್ಟೆಬಾಕ ದೈತ್ಯನಾಗಿ ಬರೆದು, 1832ರಲ್ಲಿ ಜೈಲಿಗೂ ಹೋದ. ಪತ್ರಿಕೆಗಳನ್ನು ಬಿಗಿ ಮಾಡಿದ 1835ರ ಕಾನೂನು ಬಂದ ಮೇಲೆ ರಾಜಕೀಯ ಚಿತ್ರ ಬರೆಯುವುದೇ ಕಷ್ಟವಾಯಿತು. ಆಗ 'ಲ ಶಾರಿವಾರಿ' ಪತ್ರಿಕೆಯಲ್ಲಿ ಅವನು ಬಾಡಿಗೆದಾರರನ್ನು, ಮನೆ ಮಾಲೀಕರನ್ನು, ವಕೀಲರನ್ನು ಬರೆಯತೊಡಗಿದ. ಹೆದರಿ ಹಿಂದೆ ಸರಿದ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ದೊರೆಯ ಮೇಲಿದ್ದ ಕಣ್ಣನ್ನೇ ಬೀದಿಗೆ ತಿರುಗಿಸಿದ, ಅದು ಮಂಕಾಗಲಿಲ್ಲ. ಬದುಕಿನಲ್ಲಿ ಸುಮಾರು 4,000 ಕಲ್ಲಚ್ಚು ಮಾಡಿದವನು ಅವನು.

ಇನ್ನೊಂದು ವಿಷಯ. ಚಿತ್ರದ ಕೆಳಗಿನ ಮಾತನ್ನು ಹೆಚ್ಚಾಗಿ ಪತ್ರಿಕೆಯ ಬೇರೆಯವರು ಬರೆಯುತ್ತಿದ್ದರು. ನಾವು ಜೋಕು ಹುಡುಕುವುದು ಅಲ್ಲೇ ಜಾಸ್ತಿ, ಅದಕ್ಕೇ ನಿಮಗೆ ನಗು ಸಿಗಲಿಲ್ಲವೇನೋ.

ಮುಂದಿನ ಸಂಚಿಕೆಗೆ ಅವನ 1847ರ ಚಿತ್ರವೊಂದನ್ನು ಆರಿಸಿದ್ದೇನೆ. ಹಳೇ ಕಾಲದ ಫೋಟೊಗೆ ಕೂತವನೊಬ್ಬ. ತಲೆ ಅಲುಗದಂತೆ ಹಿಂದಿನಿಂದ ಹಿಡಿ ಹಾಕಿದ್ದಾರೆ. ಕೆಳಗಿನ ಸಾಲನ್ನು ಅಂಗೈಯಿಂದ ಮುಚ್ಚಿ, ಅವನ ಕೂತ ಭಂಗಿಯನ್ನಷ್ಟೇ ನೋಡಿ. ಏನನ್ನಿಸಿತು ಅಂತ ಖಂಡಿತ ಬರೆಯಿರಿ.

– ಸಂಪಾದಕ