ಹ್ಯುಮಿಡಿಫೈಯರ್ ಹಾಕಿದರೆ ಬಿಳಿ ಪುಡಿ ಯಾಕೆ?

ಪುಣೆಯ ವಾಕಡ್‌ನ ನಿಮ್ಮ ಫ್ಲ್ಯಾಟಿನಲ್ಲಿ ಹ್ಯುಮಿಡಿಫೈಯರ್ (ಗಾಳಿಗೆ ತೇವ ಕೊಡುವ ಮಷೀನ್) ಹಾಕಿದ ಮೇಲೆ ಟಿವಿ, ಕಪಾಟಿನ ಮೇಲೆಲ್ಲ ಬಿಳಿ ಪುಡಿ ಕೂರುತ್ತಿದೆ, ಮಷೀನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ತೊಂದರೆ ನೀರಿನದು. ಅಲ್ಟ್ರಾಸಾನಿಕ್ (ಕಂಪನದಿಂದ ಕೆಲಸ ಮಾಡುವ) ಮಷೀನ್ ನೀರನ್ನು ಕಾಯಿಸುವುದಿಲ್ಲ, ಸಣ್ಣ ಹನಿ ಮಾಡಿ ಎಸೆಯುತ್ತದೆ. ಬೋರ್‌ವೆಲ್, ಟ್ಯಾಂಕರ್ ನೀರಿನ ಸುಣ್ಣದಂಶವೂ ಜೊತೆಗೇ ಹಾರಿ, ಹನಿ ಆರಿದ ಮೇಲೆ ಪುಡಿಯಾಗಿ ಉಳಿಯುತ್ತದೆ. ಕುದಿಸಿ ತಣಿಸಿದ ನೀರು ಹಾಕಿದರೂ ಪೂರ್ತಿ ಹೋಗಲ್ಲ. ಆರ್‌ಒ ನೀರು ಹಾಕಿ.

ರಾತ್ರಿಯಿಡೀ ಫುಲ್ ಇಟ್ಟು ಓಡಿಸಬೇಡಿ. ಪುಣೆಯಲ್ಲಿ ಜನವರಿ ಮಧ್ಯಾಹ್ನದ ಗಾಳಿ ಬಣಬಣ, ನಸುಕಿಗೆ ತೇವ ತಾನಾಗಿಯೇ ಏರುತ್ತದೆ. ಗಾಳಿಯ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಮಷೀನಿನಿಂದ ನಾಲ್ಕೈದು ಅಡಿ ದೂರ, ಮಂಚದ ಪಕ್ಕ ಇಡಿ. ತೇವ 40ರಿಂದ 50% ಇದ್ದರೆ ಸಾಕು. ಅಗ್ಗದ ಮೀಟರ್‌ಗಳು ಸುಳ್ಳು ಹೇಳೋದು ಮಾಮೂಲು, ಹಾಗಾಗಿ ಒಮ್ಮೆ ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ, ಉಪ್ಪು ಕರಗಿಹೋಗಬಾರದು. ಮೀಟರ್ ಜೊತೆ ಜಿಪ್ ಕವರಿನಲ್ಲಿ 8 ಗಂಟೆ ಮುಚ್ಚಿಡಿ. 75% ತೋರಿಸಬೇಕು. 70 ಬಂದರೆ ಪ್ರತಿ ಸಲ 5 ಕೂಡಿಸಿಕೊಳ್ಳಿ.

ಬೆಳಗ್ಗೆ ಕಿಟಕಿ ಗಾಜಿನ ಒಳಮೈಯಲ್ಲಿ ನೀರಿಳಿದಿದ್ದರೆ ತೇವ ಜಾಸ್ತಿಯಾಗಿದೆ. ಬೀರು ಹಿಂದಿನ ಗೋಡೆಗೆ ಬೂಷ್ಟು ಹಿಡಿಯೋದು ಹೀಗೇ.

ಟ್ಯಾಂಕಿನ ನೀರು ದಿನಾ ಚೆಲ್ಲಿ. ವಾರಕ್ಕೊಮ್ಮೆ ಬಿಳಿ ವಿನೆಗರ್ ಹಾಕಿ 20 ನಿಮಿಷ ನೆನೆಸಿ, ತಳದ ಪುಟ್ಟ ಬಿಲ್ಲೆಯನ್ನು ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ.