ಭೂತಪಾಲನಿಂದಲೇ ಶುರುಮಾಡಿ

ಪ್ರಿಯ ಮಿತ್ರರೇ,

ನೀವು ಮುಂಬಯಿ ಪಕ್ಕದ ಕಲ್ಯಾಣದಿಂದ ಕಳಿಸಿದ ‘ಪ್ರಾಚೀನ ಜಗತ್ತಿನ ವ್ಯಾಪಾರ ಮಾರ್ಗಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಮುಂಬಯಿ ಸಂಚಿಕೆಗೆ ಹಾಕಲಾರೆ. ಆದರೆ ನೀವು ಇದನ್ನು ಕೈಬಿಡಬಾರದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಚೀನಾದ ರೇಷ್ಮೆ ದಾರಿಯಿಂದ ಹೊರಟು, ರೋಮ್, ಅಲೆಕ್ಸಾಂಡ್ರಿಯಾ ಸುತ್ತುವಷ್ಟರಲ್ಲಿ ನಾಲ್ಕು ಪುಟ ಮುಗಿದಿವೆ. ಇದೆಲ್ಲ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ‘ಸಾಂಸ್ಕೃತಿಕ ವಿನಿಮಯ’ ಹನ್ನೊಂದು ಸಲ ಬಂದಿದೆ. ಯಾರು ಯಾರಿಗೆ ಏನು ಕೊಟ್ಟರು ಎಂಬುದು ಒಮ್ಮೆಯೂ ಬಂದಿಲ್ಲ. ಐದನೇ ಪುಟದಲ್ಲಿ ಮಾತ್ರ, ‘ಕಾರ್ಲೆಯಲ್ಲಿ ಬನವಾಸಿ ವರ್ತಕನ ಶಾಸನವೂ ಇದೆ’ ಎಂದು ಒಂದೇ ಸಾಲು. ನಾನು ಅಲ್ಲೇ ನಿಂತುಬಿಟ್ಟೆ.

ಕಾರ್ಲೆ ಎಂದರೆ ಲೋಣಾವಳದ ಆಚೆ, ಮಳವಲಿ ಸ್ಟೇಷನ್ನಿಗೆ ಹತ್ತಿರದ ಗುಡ್ಡದಲ್ಲಿ ಕೊರೆದ ಬೌದ್ಧ ಗವಿಗಳು. ಅಲ್ಲಿನ ಚೈತ್ಯದ, ಅಂದರೆ ಪ್ರಾರ್ಥನಾ ಮಂದಿರದ, ಛಾವಣಿಗೆ ಹಾಕಿದ ಹಳೆಯ ಮರದ ಕಮಾನುಗಳು ಇನ್ನೂ ಅಲ್ಲಿವೆ. ಮುಖಮಂಟಪದಲ್ಲಿ ಬ್ರಾಹ್ಮಿ ಅಕ್ಷರ, ಪ್ರಾಕೃತ ಮಾತು: ವೈಜಯಂತಿಯ ಸೆಟ್ಟಿ ಭೂತಪಾಲ ಪೂರ್ತಿ ಮಾಡಿಸಿದ ಕಲ್ಮನೆ, ಜಂಬೂದ್ವೀಪದಲ್ಲೇ ಉತ್ತಮ. ವೈಜಯಂತಿ ಎಂದರೆ ನಮ್ಮ ಬನವಾಸಿ. ಶಾಸನದಲ್ಲಿರುವುದು ‘ಸೆಠಿ’, ನಮ್ಮ ಬಾಯಲ್ಲಿ ಇವತ್ತಿಗೂ ಉಳಿದ ಸೆಟ್ಟಿ. ನೇರ ಗೆರೆ ಎಳೆದರೂ ಸುಮಾರು 500 ಕಿ.ಮೀ. ದೂರದ ಊರಿನವನು ಇಲ್ಲಿ ಯಾಕೆ ಹಣ ಸುರಿದ? ಬಂದರುಗಳಿಂದ ಘಟ್ಟ ಹತ್ತಿ ದಖ್ಖನ್ನಿಗೆ ಹೋಗುವ ದಾರಿಯ ಪಕ್ಕದಲ್ಲೇ ಈ ಗವಿ ಇರುವುದನ್ನು ನೋಡಿದರೆ ಉತ್ತರದ ಜಾಡು ಸಿಗುತ್ತದೆ. ನಿಮ್ಮ ಲೇಖನ ಆ ಜಾಡು ಹಿಡಿಯಲಿ.

ಒಳಗಿನ ಒಂದು ಕಂಬವನ್ನು ಧೇನುಕಾಕಟ ಎಂಬ ಊರಿನ ಯವನ ಸಿಹಧಯ ಕೊಟ್ಟಿದ್ದಾನೆ. ಪಶ್ಚಿಮದ ಕಡೆಯವನೆಂದು ಗುರುತಿಸಿಕೊಂಡವನು, ಹೆಸರು ಪ್ರಾಕೃತದ್ದು, ದಾನ ಬೌದ್ಧರಿಗೆ. ನಿಮ್ಮ ಹನ್ನೊಂದು ‘ವಿನಿಮಯ’ಗಳೂ ಈ ಕಂಬದಲ್ಲಿ ಕಣ್ಣಿಗೆ ಕಾಣುತ್ತವೆ. ಅವನನ್ನು ‘ರೋಮನ್ ವ್ಯಾಪಾರಿ’ ಎನ್ನಬೇಡಿ, ಯವನ ಎಂದೇ ಬಿಡಿ.

ಗ್ರೀಕ್ ನಾವಿಕ ಹಿಪ್ಪಾಲಸ್ ಮುಂಗಾರು ಗಾಳಿಯನ್ನು ‘ಕಂಡುಹಿಡಿದ’ ಎಂದಿದ್ದೀರಿ, ಅದನ್ನು ತಿದ್ದಿ. ಅರಬ್ಬರೂ ನಮ್ಮ ನಾವಿಕರೂ ಆ ಗಾಳಿಯನ್ನು ಬಲ್ಲವರೇ. 1ನೇ ಶತಮಾನದ ಗ್ರೀಕ್ ಕಡಲಯಾನದ ಕೈಪಿಡಿ ‘ಪೆರಿಪ್ಲಸ್’ ಅವನಿಗೆ ಕೊಡುವುದು ತೆರೆದ ಕಡಲಲ್ಲಿ ನೇರ ದಾರಿ ಕಂಡ ಹಿರಿಮೆ.

ಅದೇ ಕೈಪಿಡಿಯಲ್ಲಿ ನಿಮ್ಮ ಊರೂ ಇದೆ, ಗಮನಿಸಿದಿರಾ? ‘ಕಲ್ಲಿಯೇನ’ ಹಿಂದೆ ಕಾನೂನುಬದ್ಧ ಬಂದರಾಗಿತ್ತಂತೆ. ಸಂದರೇಸ್ ಎಂಬ ದೊರೆಯ ಕೈಗೆ ಬಂದ ಮೇಲೆ ಅಡ್ಡಿ. ಅಪ್ಪಿತಪ್ಪಿ ಅಲ್ಲಿಗೆ ಬಂದ ಗ್ರೀಕ್ ಹಡಗನ್ನು ಕಾವಲಿನಲ್ಲಿ ಬರಿಗಾಜಕ್ಕೆ, ಅಂದರೆ ಇಂದಿನ ಭರೂಚಿಗೆ, ಒಯ್ಯುವ ಸಾಧ್ಯತೆ ಇತ್ತು. ‘ಶಾಂತಿಯುತ ವ್ಯಾಪಾರ’ ಎಂಬ ನಿಮ್ಮ ಮೂರನೇ ಪುಟ ಇದನ್ನು ಓದಿದರೆ ಉಳಿಯುವುದಿಲ್ಲ. ಉಳಿಯುವುದೂ ಬೇಡ. ಸುಂಕ, ಜಗಳ, ತಡೆ ಎಲ್ಲ ಬರಲಿ.

ಚೀನಾ ಪೂರ್ತಿ ತೆಗೆಯಿರಿ. ಒಂದು ಭಾನುವಾರ ಕಾರ್ಲೆಗೆ ಹೋಗಿ, ಶಾಸನದ ಮುಂದೆ ನಿಂತು ಕಂಡದ್ದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. 1,200 ಪದ ಸಾಕು. ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ.